ಯಾವ ಘಮದ ಚಹಾ ಯಾರಿಗೆ? ದೊಡ್ಡ ಪೊಟ್ಟಣ ಕೊಳ್ಳುವ ಮುನ್ನ ಓದಬೇಕಾದ ಹೋಲಿಕೆ

ಇಂದು ಅಂಗಡಿಯಲ್ಲಿ ಚಹಾ ಇಟ್ಟಿರುವ ಸಾಲಿನ ಮುಂದೆ ನಿಂತರೆ ಮಸಾಲೆ, ಏಲಕ್ಕಿ, ಶುಂಠಿ, ತುಳಸಿ, ನಿಂಬೆ, ಮಲ್ಲಿಗೆ, ಪುದೀನ, ಅರ್ಲ್ ಗ್ರೇ, ಕಹ್ವಾ, ದಾಸವಾಳ, ಕ್ಯಾಮೊಮೈಲ್ ಎಂದು ಹತ್ತಾರು ಹೆಸರುಗಳು ಕಣ್ಣಿಗೆ ಬೀಳುತ್ತವೆ. ಹೆಸರನ್ನೋ ಡಬ್ಬಿಯ ಮೇಲಿನ ಚಿತ್ರವನ್ನೋ ನೋಡಿ ದೊಡ್ಡ ಪೊಟ್ಟಣ ಕೊಂಡು, ಎರಡು ಸಲ ಕುಡಿದು, ಒಗ್ಗಲಿಲ್ಲವೆಂದು ಅಟ್ಟಕ್ಕೆ ಸೇರಿಸಿದವರು ನಮ್ಮಲ್ಲಿ ಕಡಿಮೆಯಿಲ್ಲ. ಹಲವು ವರ್ಷ ಬಗೆಬಗೆಯ ಚಹಾಗಳನ್ನು ಪಕ್ಕಪಕ್ಕದಲ್ಲಿಟ್ಟು ಕುಡಿದು ನೋಡಿದ ಮೇಲೆ ನನಗೆ ಖಚಿತವಾದ ಸಂಗತಿಯೆಂದರೆ, ಯಾವ ಘಮ ಎಂಬುದು ಮೊದಲು ಕೇಳಬೇಕಾದ ಪ್ರಶ್ನೆಯಲ್ಲ. ಆ ಘಮ ಎಲೆಯೊಳಗೆ ಹೇಗೆ ಸೇರಿತು, ಮತ್ತು ನಾವು ಅದಕ್ಕೆ ಹಾಲು ಹಾಕುವವರೋ ಅಲ್ಲವೋ, ಈ ಎರಡನ್ನು ತಿಳಿದುಕೊಂಡರೆ ಅರ್ಧದಷ್ಟು ಹೆಸರುಗಳು ತಾವಾಗಿಯೇ ಪಟ್ಟಿಯಿಂದ ಹೊರಬೀಳುತ್ತವೆ.

ಘಮ ಎಲೆಗೆ ಸೇರುವ ದಾರಿಗಳು

ಕಪ್ಪು ಚಹಾ, ಹಸಿರು ಚಹಾ, ಊಲಾಂಗ್, ಬಿಳಿ ಚಹಾ ಎಲ್ಲವೂ ಕಮೇಲಿಯಾ ಸಿನೆನ್ಸಿಸ್ ಎಂಬ ಒಂದೇ ಗಿಡದ ಚಿಗುರಿನಿಂದ ಬರುತ್ತವೆ. ಕೊಯ್ದ ಎಲೆ ಗಾಳಿಯೊಂದಿಗೆ ಎಷ್ಟು ಹೊತ್ತು ಬೆರೆಯಿತು ಎಂಬುದರ ಮೇಲೆ ಬಣ್ಣವೂ ರುಚಿಯೂ ಬದಲಾಗುತ್ತವೆ. ಚಹಾ ಎಲೆ ಪಕ್ಕದಲ್ಲಿರುವ ವಾಸನೆಯನ್ನು ಬಹು ಬೇಗ ಹೀರಿಕೊಳ್ಳುತ್ತದೆ. ಹಿಂಗಿನ ಡಬ್ಬಿಯ ಬಳಿ ಚಹಾ ಪುಡಿ ಇಡಬಾರದೆಂದು ಮನೆಯ ಹಿರಿಯರು ಹೇಳುವುದು ಈ ಕಾರಣಕ್ಕೇ. ಇದೇ ಗುಣವನ್ನು ಬಳಸಿಕೊಂಡು ಚಹಾಕ್ಕೆ ಮುಖ್ಯವಾಗಿ ನಾಲ್ಕು ಬಗೆಯಲ್ಲಿ ಘಮ ಕೊಡುತ್ತಾರೆ.

ಮೊದಲನೆಯದು ಬೆರಕೆ. ಏಲಕ್ಕಿ, ಒಣಶುಂಠಿ, ತುಳಸಿ, ಮಜ್ಜಿಗೆ ಹುಲ್ಲು, ಪುದೀನ ಮುಂತಾದವನ್ನು ಎಲೆಯೊಂದಿಗೆ ನೇರವಾಗಿ ಬೆರೆಸುವುದು. ಇಲ್ಲಿ ಹಾಕಿದ್ದು ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಎರಡನೆಯದು ಹೂವಿನ ಸಹವಾಸದಲ್ಲಿಟ್ಟು ಘಮ ಏರಿಸುವುದು. ಮಲ್ಲಿಗೆ ಚಹಾ ಇದಕ್ಕೆ ಅತ್ಯುತ್ತಮ ಉದಾಹರಣೆ. ಮೂರನೆಯದು ತೈಲವನ್ನೋ ತಯಾರಿಸಿದ ಸುವಾಸನೆಯನ್ನೋ ಎಲೆಯ ಮೇಲೆ ಸಿಂಪಡಿಸುವುದು. ಹುಳಿಹಣ್ಣಿನ ಸಿಪ್ಪೆಯ ತೈಲ ಸೇರಿಸಿದ ಅರ್ಲ್ ಗ್ರೇ ಈ ಗುಂಪಿನದು, ಮಾವು, ಸ್ಟ್ರಾಬೆರಿ, ಚಾಕೊಲೇಟ್, ವೆನಿಲಾ ಹೆಸರಿನ ಬಹುಪಾಲು ಚಹಾಗಳೂ ಇದೇ ಗುಂಪಿನವು. ನಾಲ್ಕನೆಯದು ಹೊಗೆ ಹಾಕುವುದು. ಚೀನಾದ ಫುಜಿಯಾನ್ ಪ್ರಾಂತದ ವುಯಿ ಬೆಟ್ಟಗಳ ಲಾಪ್ಸಾಂಗ್ ಸೂಚಾಂಗ್ ಚಹಾವನ್ನು ಪೈನ್ ಮರದ ಹೊಗೆಯಲ್ಲಿ ಒಣಗಿಸುತ್ತಾರೆ.

ಈ ನಾಲ್ಕರಲ್ಲಿ ಸಿಂಪಡಿಸಿದ ಚಹಾವನ್ನು ಕೊಳ್ಳುವಾಗಲೇ ಹೆಚ್ಚು ಎಚ್ಚರ ಬೇಕು. ಪೊಟ್ಟಣ ಕತ್ತರಿಸಿದೊಡನೆ ಅಡುಗೆಮನೆಯೆಲ್ಲ ಘಮಘಮಿಸಿದರೂ ಬಟ್ಟಲಿನ ಮೂರನೆಯ ಗುಟುಕಿಗೆ ಬಾಯಲ್ಲಿ ಏನೂ ಉಳಿಯದೇ ಹೋಗಬಹುದು, ಏಕೆಂದರೆ ಮೇಲೆ ಕೂತ ಸುವಾಸನೆ ಬಿಸಿನೀರಿನ ಹಬೆಯೊಡನೆ ಮೊದಲು ಹಾರಿಹೋಗುತ್ತದೆ, ಕೆಳಗಿದ್ದ ಎಲೆ ಸತ್ವವಿಲ್ಲದ್ದಾಗಿದ್ದರೆ ಆಗ ಬಯಲಾಗುತ್ತದೆ. ಇದನ್ನು ಪರೀಕ್ಷಿಸುವ ಉಪಾಯ ಸುಲಭ: ಸಕ್ಕರೆ ಹಾಲು ಏನನ್ನೂ ಹಾಕದೆ ಅರ್ಧ ಬಟ್ಟಲು ಚಹಾವನ್ನು ಪೂರ್ತಿ ಆರಲು ಬಿಟ್ಟು ಕುಡಿಯಬೇಕು. ಆರಿದ ಮೇಲೂ ಎಲೆಯ ರುಚಿ ಹಿತವಾಗಿದ್ದರೆ ಆ ಚಹಾ ಕೊಳ್ಳಲು ಯೋಗ್ಯ. ಬರೀ ಕಹಿಯೋ ಸಾಬೂನಿನಂಥ ವಾಸನೆಯೋ ಉಳಿದರೆ ಅದನ್ನು ಅಲ್ಲಿಗೇ ಬಿಡಬಹುದು.

ಹಾಲು ಹಾಕುವವರ ಆಯ್ಕೆ

ಹಾಲಿನಲ್ಲಿರುವ ಕೇಸಿನ್ ಎಂಬ ಪ್ರೋಟೀನು ಚಹಾದ ಟ್ಯಾನಿನ್‌ಗಳನ್ನು ಹಿಡಿದಿಟ್ಟುಕೊಂಡು ಒಗರನ್ನು ತಗ್ಗಿಸುತ್ತದೆ. ಆದ್ದರಿಂದ ಹಾಲಿನ ಚಹಾಕ್ಕೆ ಗಡುಸಾದ ಡಿಕಾಕ್ಷನ್ ಕೊಡುವ ಎಲೆಯೇ ಬೇಕು. 1930ರ ದಶಕದ ಆರಂಭದಲ್ಲಿ ಅಸ್ಸಾಮಿನಲ್ಲಿ ರೂಪುಗೊಂಡ ಸಿಟಿಸಿ ವಿಧಾನ, ಅಂದರೆ ಎಲೆಯನ್ನು ಹಲ್ಲುಗಳುಳ್ಳ ಉರುಳೆಗಳ ನಡುವೆ ಜಜ್ಜಿ, ಹರಿದು, ಹರಳುಗಳಂತೆ ಸುತ್ತಿಸುವ ಕ್ರಮ, ನಮ್ಮ ಮನೆಗಳ ಚಹಾ ಪುಡಿಯ ಮೂಲ. ಅಸ್ಸಾಮಿನ ಸಿಟಿಸಿ ಹುರಿದ ಧಾನ್ಯದ ಛಾಯೆಯ ದಪ್ಪ ರುಚಿ ಕೊಡುತ್ತದೆ. ನೀಲಗಿರಿಯದು ಅದಕ್ಕಿಂತ ತೆಳು, ಆದರೆ ಹೆಚ್ಚು ಸುವಾಸನೆಯುಳ್ಳದ್ದು. ಶುಂಠಿ, ಮೆಣಸು, ಲವಂಗದಂತಹ ಜೋರಾದ ಮಸಾಲೆಗೆ ಅಸ್ಸಾಮಿನ ಎಲೆಯನ್ನೂ, ಬರೀ ಏಲಕ್ಕಿಗೆ ನೀಲಗಿರಿಯ ಎಲೆಯನ್ನೂ ಜೋಡಿಸುವುದು ನನ್ನ ಅನುಭವದಲ್ಲಿ ಸರಿಹೋಗಿದೆ. ಚಿಕ್ಕಮಗಳೂರು ಜಿಲ್ಲೆಯ ಕೆಳಗೂರಿನ ಚಹಾ ಸಿಕ್ಕುವ ಊರಿನಲ್ಲಿದ್ದರೆ ಅದನ್ನೂ ಈ ಹೋಲಿಕೆಗೆ ಸೇರಿಸಿಕೊಳ್ಳಬಹುದು. ಕಾಫಿಯ ಜಿಲ್ಲೆಯ ಚಹಾ ಎಂದು ಅಲಕ್ಷಿಸಬೇಕಾದ ಕಾರಣವಿಲ್ಲ.

ಏಲಕ್ಕಿ ಚಹಾ, ಶುಂಠಿ ಚಹಾ, ಮಸಾಲೆ ಚಹಾ, ತುಳಸಿ ಚಹಾ ಈ ನಾಲ್ಕರ ನಡುವೆ ಆರಿಸುವಾಗ ದಿನದ ಯಾವ ಹೊತ್ತಿಗೆ ಕುಡಿಯುತ್ತೇವೆ ಎಂಬುದನ್ನು ಗಮನಿಸಬೇಕು. ಬೆಳಗಿನ ಮೊದಲ ಬಟ್ಟಲಿಗೆ ಶುಂಠಿ ಒಪ್ಪುತ್ತದೆ, ಅದು ಗಂಟಲನ್ನು ಎಬ್ಬಿಸುತ್ತದೆ. ಸಂಜೆ ಅತಿಥಿಗಳ ಮುಂದಿಡಲು ಏಲಕ್ಕಿಗಿಂತ ಸೌಮ್ಯವಾದದ್ದು ಇಲ್ಲ. ಮಳೆಗಾಲದ ಮಲೆನಾಡಿನಲ್ಲಿ, ಬಟ್ಟೆ ಒಣಗದ ದಿನಗಳಲ್ಲಿ, ಕಾಳುಮೆಣಸು ಹಾಕಿದ ಮಸಾಲೆ ಚಹಾದ ಬೆಲೆ ತಿಳಿಯುತ್ತದೆ. ಇನ್ನು ತುಳಸಿಯಲ್ಲೂ ಲವಂಗದಲ್ಲೂ ಯೂಜಿನಾಲ್ ಎಂಬ ಒಂದೇ ಘಾಟಿನ ಅಂಶವಿದೆ. ಆದ್ದರಿಂದ ತುಳಸಿ ಚಹಾಕ್ಕೆ ಲವಂಗ ಸೇರಿಸಿದರೆ ಘಾಟು ದುಪ್ಪಟ್ಟಾಗಿ ಔಷಧಿ ಕುಡಿದಂತಾಗುತ್ತದೆ. ತುಳಸಿಯನ್ನು ಶುಂಠಿಯೊಡನೆಯೋ ಮಜ್ಜಿಗೆ ಹುಲ್ಲಿನೊಡನೆಯೋ ಜೊತೆಗೂಡಿಸಿದ ಬೆರಕೆಯನ್ನು ಆರಿಸುವುದು ಮೇಲು.

ಸಿದ್ಧ ಪೊಟ್ಟಣ ಕೊಳ್ಳಬೇಕೋ ಮನೆಯಲ್ಲೇ ಮಸಾಲೆ ಹಾಕಿಕೊಳ್ಳಬೇಕೋ ಎಂಬ ಪ್ರಶ್ನೆಗೆ ಹಾಲಿನ ಚಹಾದ ಮಟ್ಟಿಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಮನೆಯಲ್ಲೇ. ಏಲಕ್ಕಿಯ ಘಮ ಆವಿಯಾಗುವ ಎಣ್ಣೆಯಲ್ಲಿರುತ್ತದೆ, ಕಾಳನ್ನು ಪುಡಿ ಮಾಡಿದ ಕ್ಷಣದಿಂದ ಅದು ಕರಗತೊಡಗುತ್ತದೆ. ಆರು ತಿಂಗಳ ಹಿಂದೆ ಪುಡಿಮಾಡಿ ಬೆರೆಸಿದ ಏಲಕ್ಕಿಗೂ, ಸಕಲೇಶಪುರದ ಕಡೆಯ ಹಸಿರು ಏಲಕ್ಕಿ ಎರಡನ್ನು ಕುಟ್ಟಾಣಿಯಲ್ಲಿ ಆಗಲೇ ಜಜ್ಜಿ, ಒಲೆ ಆರಿಸುವುದಕ್ಕೆ ಅರ್ಧ ನಿಮಿಷ ಮೊದಲು ಹಾಕಿದ್ದಕ್ಕೂ ಹೋಲಿಕೆಯೇ ಇಲ್ಲ. ಸಿಪ್ಪೆಯನ್ನು ಎಸೆಯದೆ ಮೊದಲು ಕುದಿಯುವ ನೀರಿಗೆ ಹಾಕಿ, ಒಳಗಿನ ಕಾಳನ್ನು ಕೊನೆಗೆ ಹಾಕಿದರೆ ಎರಡರ ಗುಣವೂ ಸಿಗುತ್ತದೆ.

ಶುಂಠಿಯ ವಿಷಯ ಸ್ವಲ್ಪ ಬೇರೆ. ಹಸಿಶುಂಠಿಯಲ್ಲಿ ಪ್ರೋಟೀನನ್ನು ಒಡೆಯುವ ಕಿಣ್ವವಿರುವುದರಿಂದ ಅದನ್ನು ನೇರವಾಗಿ ಹಾಲಿಗೆ ಹಾಕಿದರೆ ಹಾಲು ಒಡೆಯುತ್ತದೆ. ಮೊದಲು ನೀರಿನಲ್ಲಿ ಎರಡು ಮೂರು ನಿಮಿಷ ಕುದಿಸಿದರೆ ಆ ಕಿಣ್ವ ಕೆಲಸ ನಿಲ್ಲಿಸುತ್ತದೆ, ಆಮೇಲೆ ಪುಡಿ, ಕೊನೆಗೆ ಹಾಲು. ಪೊಟ್ಟಣದ ಶುಂಠಿ ಚಹಾದಲ್ಲಿ ಇರುವುದು ಒಣಶುಂಠಿ. ಒಣಗಿದಾಗ ಶುಂಠಿಯೊಳಗಿನ ಖಾರದ ಅಂಶ ಬದಲಾಗಿ ಇನ್ನಷ್ಟು ತೀಕ್ಷ್ಣವಾಗುತ್ತದೆ, ಹಸಿಶುಂಠಿಯ ನಿಂಬೆಯಂಥ ತಾಜಾ ವಾಸನೆ ಹೋಗುತ್ತದೆ. ಗಂಟಲು ಕಟ್ಟಿದಾಗ ಒಣಶುಂಠಿ, ದಿನನಿತ್ಯಕ್ಕೆ ಹಸಿಶುಂಠಿ ಎಂದು ಇಟ್ಟುಕೊಳ್ಳಬಹುದು. ಕಚೇರಿಯಲ್ಲೋ ಪ್ರಯಾಣದಲ್ಲೋ ಇರುವವರಿಗೆ ಮಾತ್ರ ಸಿದ್ಧ ಬೆರಕೆಯ ಟೀ ಬ್ಯಾಗ್ ಅನಿವಾರ್ಯ. ಅವರು ಪದಾರ್ಥಗಳ ಪಟ್ಟಿಯಲ್ಲಿ ಮಸಾಲೆಯ ಹೆಸರುಗಳು ಬಿಡಿಬಿಡಿಯಾಗಿ ಇರುವುದನ್ನು ನೋಡಿ ಆರಿಸಿಕೊಳ್ಳಲಿ.

ಹಾಲಿಲ್ಲದ ಬಟ್ಟಲು

ಹಾಲು ಬಿಟ್ಟವರಿಗೆ ಅಥವಾ ಬಿಡಬೇಕೆಂದಿರುವವರಿಗೆ ಆಯ್ಕೆಯ ಬಾಗಿಲು ನಿಜವಾಗಿ ತೆರೆದುಕೊಳ್ಳುವುದು ಇಲ್ಲಿ. ಇವುಗಳಲ್ಲಿ ಮಲ್ಲಿಗೆ ಚಹಾ ಮತ್ತು ಅರ್ಲ್ ಗ್ರೇ ಎರಡನ್ನು ಮೊದಲು ಪಕ್ಕಪಕ್ಕದಲ್ಲಿ ಕುಡಿದು ನೋಡಬೇಕೆಂಬುದು ನನ್ನ ಸಲಹೆ. ಹೂವಿನ ಕಡೆಗೋ ಹುಳಿಹಣ್ಣಿನ ಕಡೆಗೋ, ನಮ್ಮ ನಾಲಗೆ ಎತ್ತ ವಾಲುತ್ತದೆ ಎಂಬುದು ಆ ಎರಡು ಬಟ್ಟಲುಗಳಲ್ಲೇ ತಿಳಿದುಬಿಡುತ್ತದೆ.

ಮಲ್ಲಿಗೆ ಚಹಾದ ಹಳೆಯ ನೆಲೆ ಫುಜಿಯಾನ್ ಪ್ರಾಂತದ ಫುಝೌ ನಗರ. ವಸಂತದಲ್ಲಿ ಕೊಯ್ದು ತಯಾರಿಸಿದ ಚಹಾವನ್ನು ಮಲ್ಲಿಗೆ ಬಿಡುವ ಬೇಸಗೆಯವರೆಗೆ ಕಾದಿರಿಸುತ್ತಾರೆ. ಮಧ್ಯಾಹ್ನ ಬಿಡಿಸಿದ ಮೊಗ್ಗು ರಾತ್ರಿ ಅರಳುವಾಗ ಅದನ್ನು ಎಲೆಯೊಂದಿಗೆ ಕಲಸಿ ಇಡುತ್ತಾರೆ. ಎಲೆ ರಾತ್ರಿಯಿಡೀ ಘಮವನ್ನೂ ಹೂವಿನ ತೇವವನ್ನೂ ಹೀರುತ್ತದೆ. ಬೆಳಗ್ಗೆ ಬಾಡಿದ ಹೂವನ್ನು ಜರಡಿ ಹಿಡಿದು ತೆಗೆದು, ಎಲೆಯನ್ನು ಒಣಗಿಸಿ, ಮತ್ತೆ ಹೊಸ ಮೊಗ್ಗಿನೊಂದಿಗೆ ಇದೇ ಕೆಲಸವನ್ನು ಹಲವು ಬಾರಿ ಮಾಡುತ್ತಾರೆ. ಆದ್ದರಿಂದ ಪೊಟ್ಟಣದಲ್ಲಿ ಒಣ ಎಸಳುಗಳು ಹೆಚ್ಚಿದ್ದರೆ ಚಹಾ ಉತ್ತಮ ಎಂದು ಭಾವಿಸುವುದು ತಪ್ಪು. ಘಮವನ್ನೆಲ್ಲ ಎಲೆಗೆ ಕೊಟ್ಟು ಮುಗಿಸಿದ ಹೂವದು, ಅಂದಕ್ಕೆಂದು ಉಳಿಸಿರುತ್ತಾರೆ. ಬಳಸುವ ಮಲ್ಲಿಗೆ ನಮ್ಮ ಶಂಕರಪುರದ ಮಲ್ಲಿಗೆಯ ಜಾತಿಯದೇ. ಹೀಗಾಗಿ ಇದರ ಪರಿಮಳ ನಮಗೆ ವಿದೇಶಿಯಾಗಿ ತೋರುವುದಿಲ್ಲ, ಆದರೆ ದೇವರ ಮನೆಯ ನೆನಪನ್ನು ಬಟ್ಟಲಿನಲ್ಲಿ ಕುಡಿಯಲು ಕೆಲವರಿಗೆ ಹಿಂಜರಿಕೆಯಾಗುತ್ತದೆ.

ನನ್ನ ತಾಯಿಗೆ ಮೊದಲ ಸಲ ಈ ಚಹಾ ಮಾಡಿಕೊಟ್ಟಾಗ ಕುದಿಯುವ ನೀರನ್ನೇ ಎಲೆಯ ಮೇಲೆ ಸುರಿದು ಐದು ನಿಮಿಷ ಬಿಟ್ಟಿದ್ದೆ. ಒಂದು ಗುಟುಕು ಕುಡಿದು, ಮುಖ ಕಿವಿಚಿ, "ಇದು ಮುಡಿಯೋದಕ್ಕೆ, ಕುಡಿಯೋದಕ್ಕಲ್ಲ" ಎಂದು ಲೋಟ ಬದಿಗಿಟ್ಟರು. ಹಸಿರು ಚಹಾದ ಎಲೆಯಲ್ಲಿರುವ ಕಹಿ ಮತ್ತು ಒಗರಿನ ಅಂಶಗಳು ಕುದಿನೀರಿನಲ್ಲಿ ಒಮ್ಮೆಗೇ ಬಿಟ್ಟುಕೊಳ್ಳುತ್ತವೆ. ಹೂವಿನ ಘಮದ ಜೊತೆಗೆ ಆ ಕಹಿ ಸೇರಿದರೆ ಯಾರಿಗೂ ಒಗ್ಗುವುದಿಲ್ಲ. ಮರುವಾರ ನಾಲ್ಕು ಪಾಲು ಕುದಿನೀರಿಗೆ ಒಂದು ಪಾಲು ತಣ್ಣೀರು ಬೆರೆಸಿ, ಸುಮಾರು 80 ಡಿಗ್ರಿಗೆ ಇಳಿಸಿ, ಎರಡೇ ನಿಮಿಷಕ್ಕೆ ಸೋಸಿ ಕೊಟ್ಟೆ. ಲೋಟ ಖಾಲಿಯಾಯಿತು. ಅದೇ ಪೊಟ್ಟಣ, ಅದೇ ಎಲೆ. ಮಲ್ಲಿಗೆ ಚಹಾ ಒಗ್ಗದೆಂದು ತೀರ್ಮಾನಿಸಿದವರು ನೀರಿನ ಬಿಸಿಯನ್ನು ಬದಲಿಸಿ ಇನ್ನೊಮ್ಮೆ ನೋಡಬೇಕೆಂದು ಒತ್ತಿ ಹೇಳುವುದು ಇದಕ್ಕಾಗಿ.

ಅರ್ಲ್ ಗ್ರೇ ಚಹಾಕ್ಕೆ 1830ರಿಂದ 1834ರವರೆಗೆ ಬ್ರಿಟನ್ನಿನ ಪ್ರಧಾನಿಯಾಗಿದ್ದ ಚಾರ್ಲ್ಸ್ ಗ್ರೇ ಅವರ ಪದವಿಯ ಹೆಸರು ಬಂದಿದೆ. ಇದರ ಘಮ ಇಟಲಿಯ ದಕ್ಷಿಣ ತುದಿಯ ಕಲಾಬ್ರಿಯಾದಲ್ಲಿ ಹೆಚ್ಚಾಗಿ ಬೆಳೆಯುವ ಬರ್ಗಮಾಟ್ ಎಂಬ ಹುಳಿಹಣ್ಣಿನ ಸಿಪ್ಪೆಯ ತೈಲದ್ದು. ಹೇರಳೆಕಾಯಿಯ ಸಿಪ್ಪೆಯನ್ನು ಉಗುರಿನಿಂದ ಗೀರಿದಾಗ ಮೂಗಿಗೆ ಬಡಿಯುವ ವಾಸನೆಗೆ ಒಂದಿಷ್ಟು ಹೂವಿನ ಮೃದುತ್ವ ಸೇರಿಸಿದಂತೆ ಎಂದರೆ ಅಂದಾಜು ಸಿಗಬಹುದು. ಕಪ್ಪು ಚಹಾದ ಗಡುಸು ಇದಕ್ಕಿರುವುದರಿಂದ ಕುದಿನೀರನ್ನೇ ಬಳಸಿ ಮೂರರಿಂದ ನಾಲ್ಕು ನಿಮಿಷ ಬಿಡಬಹುದು, ಕೈತಪ್ಪಿದರೂ ಮಲ್ಲಿಗೆ ಚಹಾದಷ್ಟು ಬೇಗ ಕೆಡುವುದಿಲ್ಲ. ಹಾಲಿನ ಚಹಾದಿಂದ ಹೊಸದಾಗಿ ಹಾಲಿಲ್ಲದ ಚಹಾಕ್ಕೆ ಬರುವವರಿಗೆ ಇದು ಸುಲಭದ ಮೆಟ್ಟಿಲು. ಆದರೆ ಬೆಲೆಗಿಳಿದ ಅರ್ಲ್ ಗ್ರೇಗಳಲ್ಲಿ ಸುವಾಸನೆಯನ್ನು ಅತಿಯಾಗಿ ಸುರಿದಿರುತ್ತಾರೆ. ಮೇಲೆ ಹೇಳಿದ ಆರಿದ ಬಟ್ಟಲಿನ ಪರೀಕ್ಷೆಯನ್ನು ಈ ಚಹಾಕ್ಕೆ ತಪ್ಪದೆ ಮಾಡಬೇಕು.

ಮಸಾಲೆ ಬೇಕು, ಹಾಲು ಬೇಡ ಎನ್ನುವವರಿಗೆ ಕಾಶ್ಮೀರದ ಕಹ್ವಾ ಇದೆ. ಹಸಿರು ಚಹಾ, ಏಲಕ್ಕಿ, ಚಕ್ಕೆ, ಕೇಸರಿ, ಮೇಲೆ ಸೀಳಿದ ಬಾದಾಮಿ. ಹಬ್ಬದ ಊಟದ ಕಳೆ ಇರುವ ಚಹಾ ಇದು. ಸಿದ್ಧ ಬೆರಕೆಯಲ್ಲಿ ಕೇಸರಿ ಎಷ್ಟಿದೆ, ನಿಜದ್ದೇ ಎಂಬುದೇ ಅದರ ಬೆಲೆಯನ್ನು ನಿರ್ಧರಿಸಬೇಕು. ಒಂದು ಎಸಳನ್ನು ಹೆಕ್ಕಿ ಬೆಚ್ಚಗಿನ ನೀರಿಗೆ ಹಾಕಿದರೆ ನಿಜವಾದ ಕೇಸರಿ ನಿಧಾನವಾಗಿ ಹೊನ್ನಿನ ಬಣ್ಣ ಬಿಡುತ್ತದೆ, ಎಸಳು ಮಾತ್ರ ಕೆಂಪಾಗಿಯೇ ಉಳಿಯುತ್ತದೆ. ಹಾಕಿದ ತಕ್ಷಣ ಬಣ್ಣ ಬಿಟ್ಟು ಎಸಳು ಬಿಳುಚಿದರೆ ಸಂಶಯಪಡಬೇಕು. ಕಹ್ವಾದ ದುಬಾರಿ ಡಬ್ಬಿಗಿಂತ ಒಳ್ಳೆಯ ಕೇಸರಿಯ ಅರ್ಧ ಗ್ರಾಂ ಮತ್ತು ಸಾಧಾರಣ ಹಸಿರು ಚಹಾವನ್ನು ಬೇರೆಬೇರೆಯಾಗಿ ಕೊಂಡು ಮನೆಯಲ್ಲೇ ಕೂಡಿಸುವುದು ನನಗೆ ಹೆಚ್ಚು ತೃಪ್ತಿ ಕೊಟ್ಟಿದೆ.

ಕಹ್ವಾ ಭಾರವೆನಿಸಿದರೆ ನಮ್ಮ ಕರಾವಳಿಯಲ್ಲೂ ಕೇರಳದಲ್ಲೂ ರೂಢಿಯಲ್ಲಿರುವ ಸುಲೈಮಾನಿ ಇದೆ: ತೆಳು ಕಪ್ಪು ಚಹಾ, ಒಂದು ಏಲಕ್ಕಿ, ಸಕ್ಕರೆ, ಕೊನೆಗೆ ನಿಂಬೆರಸ. ನಿಂಬೆ ಬಿದ್ದೊಡನೆ ಕಂದು ಬಣ್ಣ ತಿಳಿಯಾಗಿ ಜೇನಿನಂತಾಗುವುದನ್ನು ಗಾಜಿನ ಲೋಟದಲ್ಲೇ ನೋಡಬೇಕು. ಇದಕ್ಕೆ ನೀಲಗಿರಿಯ ಎಲೆ ಬಹಳ ಒಪ್ಪುತ್ತದೆ. ತಣ್ಣಗಾದರೂ ಅದು ಬೇರೆ ಚಹಾಗಳಷ್ಟು ಮಬ್ಬಾಗುವುದಿಲ್ಲವಾದ್ದರಿಂದ ಬೇಸಗೆಯ ಐಸ್ ಟೀಗೂ ಅದೇ ಸೂಕ್ತ. ಪೊಟ್ಟಣದಲ್ಲಿ ಬರುವ ನಿಂಬೆ ಚಹಾದ ಒಣ ಹುಳಿ ಪುಡಿಗೂ ಆಗ ಹಿಂಡಿದ ನಿಂಬೆಗೂ ಇರುವ ಅಂತರವನ್ನು ಕುಡಿದವರಿಗೆ ವಿವರಿಸಬೇಕಿಲ್ಲ. ನಿಂಬೆ ಚಹಾ ಎಂಬ ಹೆಸರಿನಲ್ಲಿ ಪೊಟ್ಟಣ ಕೊಳ್ಳುವುದು ಬಹುಮಟ್ಟಿಗೆ ಅನಗತ್ಯ ಖರ್ಚು. ಪುದೀನದ ವಿಷಯವೂ ಹೀಗೆಯೇ. ಮೊರಾಕ್ಕೊ ದೇಶದವರು ಗುಂಡಿನಂತೆ ಸುತ್ತಿದ ಚೀನೀ ಹಸಿರು ಚಹಾಕ್ಕೆ ತಾಜಾ ಪುದೀನದ ಕಂತೆಯನ್ನೂ ಧಾರಾಳ ಸಕ್ಕರೆಯನ್ನೂ ಹಾಕಿ ಎತ್ತರದಿಂದ ಸುರಿದು ಕೊಡುತ್ತಾರೆ, ನಮ್ಮ ಸಂತೆಯ ಪುದೀನವೂ ಅದಕ್ಕೆ ಚೆನ್ನಾಗಿ ಹೊಂದುತ್ತದೆ.

ಜಪಾನಿನ ಗೆನ್ಮೈಚಾ ಹುರಿದ ಅಕ್ಕಿ ಬೆರೆಸಿದ ಹಸಿರು ಚಹಾ. ಅರಳು ಹುರಿಯುವಾಗಿನ ವಾಸನೆ ಇದಕ್ಕಿದೆ, ಹಸಿರು ಚಹಾದ ಹಸಿ ವಾಸನೆ ಹಿಡಿಸದವರು ಮೊದಲು ಇದನ್ನು ನೋಡಬಹುದು. ಲಾಪ್ಸಾಂಗ್ ಸೂಚಾಂಗ್ ಸೌದೆ ಒಲೆಯ ಅಡುಗೆಮನೆಯ ಅಟ್ಟದ ಹೊಗೆಯನ್ನು ನೆನಪಿಸುತ್ತದೆ. ಅದನ್ನು 20 ಗ್ರಾಂಗಿಂತ ಹೆಚ್ಚು ಮೊದಲ ಸಲ ಕೊಳ್ಳಬಾರದು. ಡಾರ್ಜಿಲಿಂಗಿನ ಎರಡನೆಯ ಕೊಯ್ಲಿನ ಚಹಾಕ್ಕೆ ಮಸ್ಕಟೆಲ್ ಎಂದು ಹೆಸರಾದ ದ್ರಾಕ್ಷಿಯಂಥ ಘಮ ತಾನಾಗಿಯೇ ಇರುತ್ತದೆ. ಭಾರತದಲ್ಲಿ ಭೌಗೋಳಿಕ ಗುರುತು ಪಡೆದ ಮೊದಲ ಪದಾರ್ಥ ಡಾರ್ಜಿಲಿಂಗ್ ಚಹಾ. ಅಂತಹ ಎಲೆಯ ಮೇಲೆ ಬೇರೆ ಸುವಾಸನೆ ಸಿಂಪಡಿಸಿದ್ದನ್ನು ಕೊಳ್ಳಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ಚಹಾ ಎಲೆಯೇ ಇಲ್ಲದವು

ದಾಸವಾಳ, ಕ್ಯಾಮೊಮೈಲ್, ರೂಯ್‌ಬೋಸ್, ಶಂಖಪುಷ್ಪದ ಚಹಾಗಳಲ್ಲಿ ಚಹಾ ಗಿಡದ ಎಲೆ ಇರುವುದಿಲ್ಲ, ಆದ್ದರಿಂದ ಕೆಫೀನೂ ಇರುವುದಿಲ್ಲ. ನಮ್ಮ ಭಾಷೆಯಲ್ಲಿ ಇವಕ್ಕೆ ಕಷಾಯ ಎಂಬ ಒಪ್ಪುವ ಹೆಸರೇ ಇದೆ. ರಾತ್ರಿ ಊಟದ ನಂತರ ಬಿಸಿಯಾದದ್ದು ಏನಾದರೂ ಬೇಕೆನ್ನುವವರು, ನಿದ್ದೆ ಕೆಡುತ್ತದೆಂದು ಹೆದರುವವರು ಇಲ್ಲಿಂದ ಆರಿಸಿಕೊಳ್ಳಬೇಕು. ದಾಸವಾಳದ ಚಹಾ ಎಂದು ಮಾರುವುದು ನಮ್ಮ ಅಂಗಳದ ದಾಸವಾಳದ ಹೂವಲ್ಲ. ಅದು ಪುಂಡಿಯ ಬಳಗದ ಕೆಂಪು ಗಿಡದ ಹೂವಿನ ಬುಡದಲ್ಲಿರುವ ದಪ್ಪ ಹೊದಿಕೆ. ಈಜಿಪ್ಟ್, ಸುಡಾನ್‌ಗಳಲ್ಲಿ ಇದನ್ನು ಕರ್ಕಡೆ ಎಂದು ಕುಡಿಯುತ್ತಾರೆ. ಪುಂಡಿಪಲ್ಲೆ ಉಂಡು ಬೆಳೆದ ಉತ್ತರ ಕರ್ನಾಟಕದವರ ನಾಲಗೆಗೆ ಈ ಹುಳಿ ತಟ್ಟನೆ ಪರಿಚಿತವೆನಿಸುತ್ತದೆ. ಇದಕ್ಕೆ ಹಾಲು ಹಾಕಿದರೆ ಒಡೆಯುತ್ತದೆ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ದಿನವೂ ಕುಡಿಯುವುದಕ್ಕೆ ಮುನ್ನ ವೈದ್ಯರನ್ನು ಕೇಳಬೇಕು, ಏಕೆಂದರೆ ಇದಕ್ಕೂ ಒತ್ತಡವನ್ನು ತುಸು ಇಳಿಸುವ ಗುಣವಿದೆ.

ದಕ್ಷಿಣ ಆಫ್ರಿಕಾದ ಸೀಡರ್‌ಬರ್ಗ್ ಬೆಟ್ಟಗಳ ರೂಯ್‌ಬೋಸ್ ಎಂಬ ಪೊದೆಯ ಎಲೆ ಹಾಲನ್ನೂ ಸಹಿಸುತ್ತದೆ, ಎಷ್ಟು ಹೊತ್ತು ಬಿಟ್ಟರೂ ಕಹಿಯಾಗುವುದಿಲ್ಲ. ಕೆಫೀನ್ ಬಿಡಬೇಕಾದವರಿಗೆ ಹಾಲಿನ ಚಹಾದ ಬದಲಿಗೆ ನಾನು ಸೂಚಿಸುವುದು ಇದನ್ನೇ. ಕ್ಯಾಮೊಮೈಲ್ ಸೇವಂತಿಗೆಯ ಕುಟುಂಬದ ಹೂವು, ಮೃದು ರುಚಿಯದು. ಆ ಕುಟುಂಬದ ಹೂವುಗಳು ಒಗ್ಗದವರು ದೂರವಿರಬೇಕು. ಶಂಖಪುಷ್ಪದ ನೀಲಿ, ನಿಂಬೆ ಹಿಂಡಿದಾಗ ನೇರಳೆಗೆ ತಿರುಗುವುದು ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ, ಆದರೆ ರುಚಿಯ ದೃಷ್ಟಿಯಿಂದ ಅದರಲ್ಲಿ ಹೇಳಿಕೊಳ್ಳುವಂಥದ್ದಿಲ್ಲ. ಬೇಲಿಯಲ್ಲಿ ಬೆಳೆಯುವ ಹೂವನ್ನು ದುಬಾರಿ ಬೆಲೆಗೆ ಕೊಳ್ಳುವುದಕ್ಕಿಂತ ಒಂದು ಬಳ್ಳಿ ನೆಡುವುದು ಒಳ್ಳೆಯದು.

ಪಕ್ಕಪಕ್ಕದಲ್ಲಿಟ್ಟು ರುಚಿ ನೋಡುವ ಕ್ರಮ

ಒಂದೊಂದು ದಿನ ಒಂದೊಂದು ಚಹಾ ಕುಡಿದು ಹೋಲಿಸಲು ಹೊರಟರೆ ನಾಲಗೆಗೆ ನೆನಪು ಸಾಲುವುದಿಲ್ಲ. ಒಂದೇ ಕೂರಿಕೆಯಲ್ಲಿ ಮೂರೋ ನಾಲ್ಕೋ ಬಗೆ ಸಾಕು. ಚಹಾ ಪರೀಕ್ಷಕರಿಗೆ ಐಎಸ್‌ಒ 3103 ಎಂಬ ಅಂತರರಾಷ್ಟ್ರೀಯ ಮಾನಕವಿದೆ: 100 ಮಿಲಿಲೀಟರ್ ಕುದಿನೀರಿಗೆ 2 ಗ್ರಾಂ ಎಲೆ, 6 ನಿಮಿಷ. ಅದು ದೋಷ ಕಂಡುಹಿಡಿಯುವುದಕ್ಕಾಗಿ ಬೇಕೆಂದೇ ಗಡುಸಾಗಿಸಿದ ಬಟ್ಟಲು. ಮನೆಯಲ್ಲಿ 150 ಮಿಲಿಲೀಟರಿಗೆ 2 ಗ್ರಾಂ ಸಾಕು. ಮುಖ್ಯವಾದದ್ದು ಎಲ್ಲ ಬಟ್ಟಲುಗಳಿಗೂ ಒಂದೇ ಅಳತೆ, ಒಂದೇ ನೀರು, ಒಳಗೆ ಬಿಳಿಯಾಗಿರುವ ಒಂದೇ ಬಗೆಯ ಪಾತ್ರೆ. ಬಿಸಿ ಮತ್ತು ಸಮಯ ಮಾತ್ರ ಎಲೆಗೆ ತಕ್ಕಂತೆ: ಹಸಿರಿಗೆ ಸುಮಾರು 80 ಡಿಗ್ರಿ ಮತ್ತು ಎರಡು ನಿಮಿಷ, ಕಪ್ಪಿಗೆ ಕುದಿನೀರು ಮತ್ತು ಮೂರರಿಂದ ಐದು ನಿಮಿಷ, ಚಹಾ ಎಲೆಯಿಲ್ಲದ ಕಷಾಯಗಳಿಗೆ ಕುದಿನೀರು ಮತ್ತು ಐದು ನಿಮಿಷಕ್ಕೂ ಮೇಲೆ.

ನೀರನ್ನು ಅಲಕ್ಷಿಸಬಾರದು. ಬೆಂಗಳೂರಿನ ಅನೇಕ ಬಡಾವಣೆಗಳ ಕೊಳವೆಬಾವಿಯ ಗಡಸು ನೀರಿನಲ್ಲಿ ಮಾಡಿದ ಕಪ್ಪು ಚಹಾದ ಮೇಲೆ ತೆಳುವಾದ ಕೆನೆಯಂಥ ಪದರ ಕಟ್ಟುತ್ತದೆ, ಘಮ ಮಂಕಾಗುತ್ತದೆ. ಲವಣವನ್ನೆಲ್ಲ ತೆಗೆದ ಶುದ್ಧೀಕರಣ ಯಂತ್ರದ ನೀರಿನಲ್ಲಿ ಚಹಾ ಚಪ್ಪೆಯಾಗುತ್ತದೆ. ಕಾವೇರಿ ನೀರು ಬರುವ ಮನೆಯವರು ಅದನ್ನೇ ಸೋಸಿ ಬಳಸಲಿ. ಉಳಿದವರು ಎರಡು ಬಗೆಯ ನೀರನ್ನು ಬೆರೆಸಿ ನೋಡಬಹುದು.

ಸೌಮ್ಯವಾದದ್ದರಿಂದ ಜೋರಾದದ್ದರ ಕಡೆಗೆ ಹೋಗಬೇಕು: ಮೊದಲು ಮಲ್ಲಿಗೆ, ಆಮೇಲೆ ಅರ್ಲ್ ಗ್ರೇ, ಆಮೇಲೆ ಮಸಾಲೆ, ಹೊಗೆಯದು ಕಟ್ಟಕಡೆಗೆ. ಲವಂಗ ನಾಲಗೆಯನ್ನು ಜೋಮು ಹಿಡಿಸುತ್ತದೆ, ಅದರ ನಂತರ ಮಲ್ಲಿಗೆ ಕುಡಿದರೆ ಬಿಸಿನೀರು ಕುಡಿದಂತಾಗುತ್ತದೆ. ಒಣ ಎಲೆಯನ್ನು ಮೂಸಿ, ನೆನೆದ ಎಲೆಯನ್ನು ಮುಚ್ಚಳ ತೆಗೆದು ಮೂಸಿ, ಬಳಿಕ ಚಮಚದಲ್ಲಿ ತೆಗೆದುಕೊಂಡು ಸುರ್ ಎಂದು ಗಾಳಿಯೊಡನೆ ಹೀರಬೇಕು. ಊಟದ ಮನೆಯಲ್ಲಿ ಸದ್ದು ಮಾಡಬೇಡವೆಂದು ಕಲಿಸಿದ್ದರೂ ಇಲ್ಲಿ ಆ ಸದ್ದು ಬೇಕು, ಘಮ ಬಾಯಿಯ ಹಿಂದಿನಿಂದ ಮೂಗಿಗೆ ಏರುವುದು ಹಾಗೆಯೇ. ಬಟ್ಟಲು ಬಟ್ಟಲಿನ ನಡುವೆ ಉಪ್ಪುಖಾರವಿಲ್ಲದ ಮಂಡಕ್ಕಿ ನಾಲ್ಕು ಕಾಳು, ಒಂದು ಗುಟುಕು ನೀರು. ಬೆಳಗಿನ ತಿಂಡಿಯಾಗಿ ಗಂಟೆಯೆರಡು ಕಳೆದ ಹೊತ್ತು ಇದಕ್ಕೆ ಒಳ್ಳೆಯದು. ತೋಚಿದ್ದನ್ನು ಆಗಲೇ ಬರೆದಿಡಬೇಕು. "ಚೆನ್ನಾಗಿದೆ" ಎಂದು ಬರೆದರೆ ಮುಂದಿನ ತಿಂಗಳು ಏನೂ ತಿಳಿಯದು, "ಆರಿದ ಮೇಲೆ ಒಗರು, ನಾಲಗೆಯ ಬದಿಯಲ್ಲಿ" ಎಂದು ಬರೆದರೆ ತಿಳಿಯುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿ ದಿನಕ್ಕೆ 300 ಮಿಲಿಗ್ರಾಂಗಿಂತ ಹೆಚ್ಚು ಕೆಫೀನ್ ಬೇಡವೆನ್ನುತ್ತದೆ; ಒಂದು ಬಟ್ಟಲು ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಇರುತ್ತದೆ. ರುಚಿ ನೋಡುವ ದಿನ ಪೂರ್ತಿ ಬಟ್ಟಲು ಕುಡಿಯದೆ ಎರಡು ಮೂರು ಚಮಚಕ್ಕೆ ನಿಲ್ಲಿಸುವುದು ವಿವೇಕ. ಟ್ಯಾನಿನ್‌ಗಳು ಆಹಾರದ ಕಬ್ಬಿಣಾಂಶವನ್ನು ದೇಹಕ್ಕೆ ಸೇರಲು ಬಿಡದಿರುವುದರಿಂದ ಊಟಕ್ಕೆ ಒಂದು ಗಂಟೆ ಮೊದಲು ಮತ್ತು ನಂತರ ಚಹಾ ಬೇಡವೆಂದೂ ಅದೇ ಮಾರ್ಗಸೂಚಿ ಹೇಳುತ್ತದೆ. ರಕ್ತಹೀನತೆ ಇರುವ ಹೆಣ್ಣುಮಕ್ಕಳು ಇದನ್ನು ಖಂಡಿತ ಪಾಲಿಸಬೇಕು.

ಕೊಳ್ಳುವಾಗ, ಇಡುವಾಗ

ಪದಾರ್ಥಗಳ ಪಟ್ಟಿಯನ್ನು ಓದಿ. ಏಲಕ್ಕಿ ಎಂದಿರುವುದಕ್ಕೂ ಏಲಕ್ಕಿ ಸುವಾಸನೆ ಎಂದಿರುವುದಕ್ಕೂ ವ್ಯತ್ಯಾಸವಿದೆ. ನೈಸರ್ಗಿಕ, ನೈಸರ್ಗಿಕಕ್ಕೆ ಸಮಾನ, ಕೃತಕ ಎಂಬ ಮೂರು ಬಗೆಯ ಸುವಾಸನೆಗಳಲ್ಲಿ ಯಾವುದೆಂದು ಪೊಟ್ಟಣ ಹೇಳುತ್ತದೆ. ಚಹಾಕ್ಕೆ ಬಣ್ಣ ಬೆರೆಸುವಂತಿಲ್ಲ. ಸಂಶಯ ಬಂದರೆ ಸೋಸುವ ಕಾಗದದ ಮೇಲೆ ಎಲೆ ಹರಡಿ ನೀರು ಚಿಮುಕಿಸಿ, ಎಲೆ ತೆಗೆದು, ಕಾಗದವನ್ನು ತೊಳೆದು, ಬೆಳಕಿಗೆ ಹಿಡಿದರೆ ಬೆರೆಸಿದ ಬಣ್ಣದ ಕಲೆ ಕಾಣುತ್ತದೆ. ಬೆಲೆಯನ್ನು ಡಬ್ಬಿಗೆ ಹೋಲಿಸದೆ ಬಟ್ಟಲಿಗೆ ಲೆಕ್ಕ ಹಾಕಬೇಕು: 100 ಗ್ರಾಂ ಎಲೆಯಿಂದ ಬಟ್ಟಲಿಗೆ 2 ಗ್ರಾಂನಂತೆ 50 ಬಟ್ಟಲು. ಒಳ್ಳೆಯ ಹಸಿರು ಚಹಾದ ಎಲೆಯನ್ನು ಎರಡನೆಯ ಸಲವೂ ನೆನೆಸಬಹುದಾದ್ದರಿಂದ ದುಬಾರಿಯಾಗಿ ಕಂಡದ್ದು ಕೆಲವೊಮ್ಮೆ ಅಗ್ಗವಾಗಿರುತ್ತದೆ.

ಒಮ್ಮೆ ನಾನು ಹತ್ತು ಬಗೆಯ ಮಾದರಿ ಪೊಟ್ಟಣಗಳನ್ನು ತರಿಸಿ, ಬಾಯಿ ತೆರೆದವುಗಳನ್ನೆಲ್ಲ ರಬ್ಬರ್ ಬ್ಯಾಂಡ್ ಸುತ್ತಿ ಒಂದೇ ಸ್ಟೀಲ್ ಡಬ್ಬಿಯಲ್ಲಿಟ್ಟಿದ್ದೆ. ತಿಂಗಳು ಕಳೆದು ತೆರೆದಾಗ ಮಲ್ಲಿಗೆ, ಡಾರ್ಜಿಲಿಂಗ್, ಗೆನ್ಮೈಚಾ ಎಲ್ಲವೂ ಒಂದೇ ಲವಂಗದ ವಾಸನೆ ಹಿಡಿದಿದ್ದವು, ಒಂದೂ ಉಳಿಯಲಿಲ್ಲ. ಅಂದಿನಿಂದ ಮಸಾಲೆಯವು ಒಂದು ಕಪಾಟಿನಲ್ಲಿ, ಹೂವಿನವು ಇನ್ನೊಂದರಲ್ಲಿ, ಪ್ರತಿಯೊಂದೂ ಬಿಗಿ ಮುಚ್ಚಳದ ಬೇರೆ ಬೇರೆ ಡಬ್ಬಿಯಲ್ಲಿ, ಒಲೆಯಿಂದ ದೂರ ಇರುತ್ತವೆ. ಗಾಜಿನ ಡಬ್ಬಿಯಾದರೆ ಬೆಳಕು ಬೀಳದ ಕಡೆ ಇಡಬೇಕು. ಫ್ರಿಜ್ಜಿನಲ್ಲಿಟ್ಟರೆ ತೇವವೂ ನಿನ್ನೆಯ ಸಾಂಬಾರಿನ ವಾಸನೆಯೂ ಸೇರಿಕೊಳ್ಳುತ್ತವೆ.

ಮೊದಲ ಬಾರಿಗೆ ಕೊಳ್ಳುವವರು ಹಾಲಿನ ಚಹಾದವರಾದರೆ ಸುವಾಸನೆಯಿಲ್ಲದ ಅಸ್ಸಾಂ ಸಿಟಿಸಿ 250 ಗ್ರಾಂ, ನೀಲಗಿರಿ 100 ಗ್ರಾಂ, ಜೊತೆಗೆ 25 ಗ್ರಾಂ ಹಸಿರು ಏಲಕ್ಕಿ ತೆಗೆದುಕೊಳ್ಳಲಿ. ಶುಂಠಿ ಹೇಗೂ ಮನೆಯಲ್ಲಿರುತ್ತದೆ. ಹಾಲಿಲ್ಲದವರು ಮಲ್ಲಿಗೆ, ಅರ್ಲ್ ಗ್ರೇ, ಡಾರ್ಜಿಲಿಂಗಿನ ಎರಡನೆಯ ಕೊಯ್ಲು ಇವು ಮೂರನ್ನು 25 ಗ್ರಾಂನಂತೆ ತರಿಸಲಿ. ರಾತ್ರಿಯ ಬಟ್ಟಲಿಗೆ ರೂಯ್‌ಬೋಸ್‌ನ ಚಿಕ್ಕ ಪೊಟ್ಟಣ. ಈ ಮೂರು ಗುಂಪಿನಲ್ಲಿ ಯಾವುದು ಮೊದಲು ಖಾಲಿಯಾಗುತ್ತದೋ ಅದರ ದೊಡ್ಡ ಪೊಟ್ಟಣಕ್ಕೆ ಆಗ ಹೇಳಿ ಕಳಿಸಿದರಾಯಿತು.